ಗಲದ್ರಿಯೆಲ್ ಅಂದರೆ ಮರದ ರಾಣಿಯೇ?

'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಅವರ ಕಥೆಗಳನ್ನು ಓದಿದವರು ನನ್ನನ್ನು ಪದೇ ಪದೇ ಕೇಳುತ್ತಾರೆ: 'ಗಲದ್ರಿಯೆಲ್ ಅಂದ್ರೆ ಮರದ ರಾಣಿ ಅಲ್ವಾ?' ಹಾಗೆ ಅನ್ನಿಸುವುದು ಸಹಜ. ಆಕೆ ಆ ಕಥೆಗಳಲ್ಲಿ ಬರುವ ಎಲ್ಫ್ ಎಂಬ ಕಿನ್ನರರಂಥ ಜನಾಂಗದ ಹೆಣ್ಣು. ಇರುವುದು ಲೋತ್‌ಲೋರಿಯೆನ್ ಕಾಡಿನಲ್ಲಿ, ದೊಡ್ಡ ಮರದ ಮೇಲೆ. ಅಲ್ಲಿನವರನ್ನು ಗಲಧ್ರಿಮ್, ಅಂದರೆ ಮರದ ಜನ ಅಂತಾರೆ. ಎಲ್ಫ್‌ಗಳ ಸಿಂದರಿನ್ ಭಾಷೆಯಲ್ಲಿ 'ಗಲಧ್' ಎಂದರೆ ಮರ.

ಆದರೆ ಆಕೆಯ ಹೆಸರಿನಲ್ಲಿರುವುದು 'ಗಲದ್'. ಅದರ ಅರ್ಥ ಹೊಳಪು. ಮರದ 'ಧ್' ನಮ್ಮ ಮಹಾಪ್ರಾಣವಲ್ಲ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು, ಗಾಳಿ ಬಿಡುತ್ತಾ 'ದ' ಅಂದು ನೋಡಿ. ಇಂಗ್ಲಿಷಿನವರು 'ದಿಸ್' ಅಂತಾರಲ್ಲ, ಹಾಗೆ.

ಎರಡೂ ಬೇರೆ ಪದ ಎಂದು ಹೇಗೆ ಗೊತ್ತು? ಸಿಂದರಿನ್‌ಗೆ ಕ್ವೆನ್ಯಾ ಎಂಬ ಒಡಹುಟ್ಟಿದ ಭಾಷೆ ಇದೆ. ಹಳಗನ್ನಡದ ಪಾಲು, ಪುಲಿ ನಮ್ಮ ಬಾಯಲ್ಲಿ ಹಾಲು, ಹುಲಿ ಆದವಲ್ಲ, ಹಾಗೆಯೇ ಅಲ್ಲೂ ಉಚ್ಚಾರ ಒಂದು ಕ್ರಮದಲ್ಲಿ ಬದಲಾಗಿದೆ. ಈ ಪದಗಳ ಮೊದಲಿನ 'ಗ' ಕ್ವೆನ್ಯಾದಲ್ಲಿ ಬಿದ್ದುಹೋಗಿದೆ. ಅಲ್ಲಿ ಮರ 'ಅಲ್ದ', ಹೊಳಪು 'ಅಲತ'. ಆಕೆಯ ಹೆಸರು ಅಲ್ತಾರಿಯೆಲ್. 'ತ' ಉಳಿದುಕೊಂಡಿದೆ ನೋಡಿ. ಮರಕ್ಕೆ ಅಲ್ಲಿ ಜಾಗವೇ ಇಲ್ಲ.

ನನಗೆ ತುಂಬಾ ಇಷ್ಟವಾಗುವುದು ಇನ್ನೊಂದು ವಿಷಯ. ಈ ತಪ್ಪು ಕಥೆಯೊಳಗೇ ಇದೆ! ಲೋತ್‌ಲೋರಿಯೆನ್‌ನ ಹೊರಗಿನವರು ಮರದ ನೆನಪಿನಲ್ಲಿ ಆಕೆಯನ್ನು 'ಗಲಧ್ರಿಯೆಲ್' ಎಂದು ಕರೆದರು ಎಂದು ಟೋಲ್ಕಿನ್ನರೇ ಬರೆದಿದ್ದಾರೆ. ಅವರು 1919-20ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೆ ಪದಗಳ ಮೂಲ ಹುಡುಕುವ ಕೆಲಸ ಮಾಡಿದವರು. ಜನರ ಬಾಯಲ್ಲಿ ಹೆಸರು ಹೇಗೆ ತಿರುಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಬೆಂಗಳೂರನ್ನೇ ತಗೊಳ್ಳಿ. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೆ ಬೆಂದಕಾಳೂರು ಅಂತ ಕಥೆ. ಆದರೆ ಅವನಿಗಿಂತ ಸುಮಾರು 300 ವರ್ಷ ಹಳೆಯ ಬೇಗೂರಿನ ಶಾಸನದಲ್ಲಿ ಆಗಲೇ ಬೆಂಗಳೂರು ಇದೆ.

ಇನ್ನು 'ರಿಯೆಲ್'. ಹೆಣೆ, ಸುತ್ತು ಎಂಬ ಅರ್ಥದ 'ರಿಗ್' ಧಾತುವಿನಿಂದ ಬಂದದ್ದು. ಮಾಲೆ ಮುಡಿದ ಹುಡುಗಿ ಎಂದರ್ಥ. ಪೂರ್ತಿ ಹೆಸರು: ಹೊಳೆಯುವ ಮಾಲೆ ಮುಡಿದವಳು. ಆ ಮಾಲೆ ಹೂವಿನದಲ್ಲ, ಆಕೆಯ ಕೂದಲೇ. ಚಿನ್ನಕ್ಕೆ ಬೆಳ್ಳಿ ಬೆರೆತ ಬಣ್ಣ. ಅದನ್ನು ಕಂಡು ಇನಿಯ ಕೆಲೆಬೋರ್ನ್ ಇಟ್ಟ ಹೆಸರು ಇದು.

ಕನ್ನಡದಲ್ಲಿ ಮುಡಿ ಅಂದರೆ ಕೂದಲೂ ಹೌದು, ಹೂ ಮುಡಿಯುವುದೂ ಹೌದು. ಇಂಗ್ಲಿಷಿನಲ್ಲಿ ಐದಾರು ಪದ ಬೇಕಾಗುವ ಈ ಹೆಸರು ನಮ್ಮಲ್ಲಿ ಒಂದೇ ಮಾತಿಗೆ ಸಿಗುತ್ತದೆ. ಯಾರಾದರೂ ಅರ್ಥ ಕೇಳಿದರೆ ನಾನು 'ಮಿಂಚುಮುಡಿ' ಅನ್ನುತ್ತೇನೆ.