ಗೋಡೆಯೊಳಗಿನ ಕಂಬಗಳು: ಸಿಸಿಲಿಯಲ್ಲಿ ಎಂಟು ದಿನ

ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ, ಉತ್ತರ ಫ್ರಾನ್ಸಿನಿಂದ ಬಂದು ಆಳಿದ ನಾರ್ಮನ್ನರ ಅರಮನೆಯೊಳಗೆ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ಅಲ್ಲಿಗೆ ಬಂದವರೆಲ್ಲ ಪುಟ್ಟ ಚೂರುಗಳನ್ನು ಜೋಡಿಸಿದ ಚಿನ್ನದ ಮೊಸಾಯಿಕ್‌ನಲ್ಲಿ ಮೂಡಿದ ಕ್ರಿಸ್ತನೆದುರು ಮೈಮರೆತು ನಿಲ್ಲುತ್ತಾರೆ, ನಾನೂ ನಿಂತೆ. ಆಮೇಲೆ ಮೊಬೈಲಿನ ಕ್ಯಾಮೆರಾವನ್ನು ಮರದ ಚಾವಣಿಯತ್ತ ತಿರುಗಿಸಿ ಹಿಗ್ಗಿಸಿ ನೋಡಿದರೆ ಅಲ್ಲಿನ ಲೋಕವೇ ಬೇರೆ. ಜೇನುಗೂಡಿನಂತೆ ಕೊರೆದ ಗೂಡುಗಳಲ್ಲಿ ಚದುರಂಗವಾಡುವವರು, ವಾದ್ಯ ನುಡಿಸುವವರು, ಬಟ್ಟಲು ಹಿಡಿದು ಚಕ್ಕಳಮಕ್ಕಳ ಹಾಕಿ ಕುಳಿತ ರಸಿಕರು, ಜೊತೆಗೆ ಕೂಫಿ ಲಿಪಿಯ ಅರಬ್ಬಿ ಬರಹ. 1130ರಲ್ಲಿ ಪಟ್ಟವೇರಿದ ನಾರ್ಮನ್ ದೊರೆ ಎರಡನೆಯ ರೋಜರ್ ಗೋಡೆಗೆ ಬೈಜಾಂಟೈನ್ (ಪೂರ್ವದ ಗ್ರೀಕ್ ಕ್ರೈಸ್ತ ಸಾಮ್ರಾಜ್ಯದ) ಕುಶಲಕರ್ಮಿಗಳನ್ನೂ ಚಾವಣಿಗೆ ಮುಸ್ಲಿಂ ಚಿತ್ರಕಾರರನ್ನೂ ಹಚ್ಚಿ, ಕೆಳಗೆ ಲ್ಯಾಟಿನ್ ಪ್ರಾರ್ಥನೆ ನಡೆಸಿದ. ಅವನಿಗಾಗಿಯೇ ಅರಬ್ ಭೂಗೋಳಜ್ಞ ಅಲ್ ಇದ್ರೀಸಿ 1154ರಲ್ಲಿ ಮುಗಿಸಿದ ಭೂಪಟದಲ್ಲಿ ದಕ್ಷಿಣ ಮೇಲಿದೆ, ಉತ್ತರ ಕೆಳಗಿದೆ.

ಅರಮನೆಯಿಂದ ಸ್ವಲ್ಪ ದೂರದ ಜೀಸಾ ಭವನದಲ್ಲಿರುವ 1149ರ ಸಮಾಧಿ ಕಲ್ಲು ನನ್ನನ್ನು ಇನ್ನೂ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿತು. ಪಾದ್ರಿಯೊಬ್ಬ ತನ್ನ ತಾಯಿ ಅನ್ನಾಳ ನೆನಪಿಗೆ ಬರೆಸಿದ ಕಲ್ಲದು: ಲ್ಯಾಟಿನ್, ಗ್ರೀಕ್, ಅರಬ್ಬಿ, ಮತ್ತೆ ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ. ಹಾಗೆಂದು ಇದನ್ನೆಲ್ಲ ಸೌಹಾರ್ದದ ಸ್ವರ್ಗವೆಂದು ಬಣ್ಣಿಸುವ ಪ್ರವಾಸಿ ಕರಪತ್ರಗಳನ್ನು ನಾನು ನಂಬಲಾರೆ. ರೋಜರನ ಮೊಮ್ಮಗ ಎರಡನೆಯ ಫ್ರೆಡರಿಕ್ ದಂಗೆಯೆದ್ದ ಸಿಸಿಲಿಯ ಮುಸ್ಲಿಮರನ್ನು ಇಟಲಿಯ ಮುಖ್ಯಭೂಮಿಯ ಲೂಚೆರಾಕ್ಕೆ ಸಾಗಿಸಿದ. ಆಗ ದ್ವೀಪವನ್ನಾಳುತ್ತಿದ್ದ ಸ್ಪೇನ್ ದೊರೆಗಳ 1492ರ ಆಜ್ಞೆ ಯಹೂದಿಗಳನ್ನು ದ್ವೀಪದಿಂದ ಹೊರಡಿಸಿತು. ಅವರ ಹಳೆಯ ಕೇರಿಯಲ್ಲಿ ಇಂದು ಬೀದಿಫಲಕಗಳು ಇಟಾಲಿಯನ್, ಹೀಬ್ರೂ, ಅರಬ್ಬಿ ಮೂರರಲ್ಲೂ ಇವೆ.

ಪಲೆರ್ಮೊದ ನೆಲದಡಿಯಲ್ಲಿ ಕನಾತ್‌ಗಳಿವೆ: ಅಂತರ್ಜಲವನ್ನು ಸಣ್ಣ ಇಳಿಜಾರಿನಲ್ಲಿ ತಂತಾನೇ ಹರಿದುಬರುವಂತೆ ಮಾಡುವ ಸುರಂಗಗಳು. ಬೀದರಿನ ನೌಬಾದದ ಕರೇಜ್ ಕಂಡಿರುವ ನನಗೆ ಅವುಗಳೊಳಗೆ ಇಳಿಯುವ ಆಸೆ ಬಹಳವಿತ್ತು. ಎರಡರದ್ದೂ ಪರ್ಷಿಯಾದ ಮೂಲದ ಒಂದೇ ವಿದ್ಯೆ. ಆದರೆ ಹಿಂದಿನ ರಾತ್ರಿಯ ಮಳೆಯಿಂದ ನೀರೇರಿದೆಯೆಂದು ಒಳಗೆ ಬಿಡಲಿಲ್ಲ. ಆ ನಿರಾಸೆಯನ್ನು ಬಲ್ಲಾರೊ ಸಂತೆಯಲ್ಲಿ ಪನೆಲ್ಲೆ ತಿಂದು ಕಳೆದುಕೊಂಡೆ. ಕಡಲೆಹಿಟ್ಟನ್ನು ಅಂಬಲಿಯಂತೆ ಕಾಯಿಸಿ, ಆರಿಸಿ, ತೆಳ್ಳಗೆ ಕೊಯ್ದು ಎಣ್ಣೆಯಲ್ಲಿ ಕರಿದು ಬನ್ನಿನೊಳಗಿಟ್ಟು ನಿಂಬೆ ಹಿಂಡಿ ಕೊಡುತ್ತಾರೆ. ಒಳಗೇನೂ ಇಲ್ಲದ ಬಜ್ಜಿ ಎನ್ನಬಹುದು, ಹಸಿಮೆಣಸಿನಕಾಯಿಯೊಂದರ ಕೊರತೆ.

ಪಲೆರ್ಮೊ ಪಕ್ಕದ ಮೊನ್ರಿಯಾಲೆಯ ದೊಡ್ಡ ಚರ್ಚು ಭವ್ಯವೇನೋ ಹೌದು. ಆದರೆ ಆರು ಸಾವಿರ ಚದರ ಮೀಟರಿಗೂ ಮೀರಿದ ಮೊಸಾಯಿಕ್ ನೋಡುತ್ತ ನನಗೆ ಕತ್ತು ನೋವು ಬಂದದ್ದೇ ಹೆಚ್ಚು.

ಬಸ್ಸಿನಲ್ಲಿ ಮೂರು ಗಂಟೆಗೂ ಮೀರಿ ಕುಳಿತು ದ್ವೀಪದ ಇನ್ನೊಂದು ಮೂಲೆಯ ಸಿರಾಕ್ಯೂಸ್ ತಲುಪಿದೆ. ಕ್ರಿ.ಪೂ. 212ರಲ್ಲಿ ರೋಮನ್ ಸೈನಿಕನ ಕೈಯಲ್ಲಿ ಆರ್ಕಿಮಿಡೀಸ್ ಸತ್ತ ಊರಿದು. ಹಳೆಯ ಪಟ್ಟಣವಾದ ಒರ್ತೀಜಿಯಾದ ಚರ್ಚಿನ ಎದುರು ಮುಖ 1693ರ ಭೂಕಂಪದ ನಂತರ ಕಟ್ಟಿದ್ದು, ಬಳುಕುವ ಬರೋಕ್ ಶೈಲಿ. ಪಕ್ಕದ ಓಣಿಗೆ ಹೊರಳಿದರೆ ಮಾತ್ರ ಅದರ ನಿಜವಾದ ವಯಸ್ಸು ತಿಳಿಯುತ್ತದೆ, ಏಕೆಂದರೆ ಅಲ್ಲಿ ಕ್ರಿ.ಪೂ. ಐದನೆಯ ಶತಮಾನದ ಗ್ರೀಕ್ ದೇವತೆ ಅಥೀನಾಳ ಗುಡಿಯ ದಪ್ಪ ಡೋರಿಕ್ (ಹಳೆಯ ಗ್ರೀಕ್ ಶೈಲಿಯ) ಕಂಬಗಳು ಗೋಡೆಯಿಂದ ಅರ್ಧ ಮೈ ಹೊರಚಾಚಿ ನಿಂತಿವೆ. ಗುಡಿಯನ್ನು ಚರ್ಚು ಮಾಡಿದವರು ಹೊರಸುತ್ತಿನ ಕಂಬಗಳ ನಡುವಣ ಜಾಗವನ್ನು ಕಲ್ಲಿನಿಂದ ಮುಚ್ಚಿ, ಗರ್ಭಗುಡಿಯ ಗೋಡೆಗಳಲ್ಲಿ ಕಮಾನು ಕೊರೆದರು: ತೆರೆದದ್ದು ಮುಚ್ಚಿತು, ಮುಚ್ಚಿದ್ದು ತೆರೆಯಿತು. 878ರಲ್ಲಿ ಊರು ಅರಬರ ವಶವಾದ ಮೇಲೆ ಅದೇ ಕಟ್ಟಡ ಮಸೀದಿಯಾಯಿತು, ನಾರ್ಮನ್ನರ ಕಾಲದಲ್ಲಿ ಮತ್ತೆ ಚರ್ಚು.

ಕಂಬದ ತೋಡುಗಳ ಮೇಲೆ ಕೈಯಾಡಿಸಿದೆ. ಅಂಚುಗಳು ಸವೆದು ನುಣುಪಾಗಿದ್ದವು. ಪಕ್ಕದ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ ಅಜ್ಜನೊಬ್ಬ ಕಿತ್ತಳೆ ಸುಲಿಯುತ್ತಿದ್ದ. ಒಳಗಿನ ತೊಳೆ ರಕ್ತಗೆಂಪು. ನಾನು ದಿಟ್ಟಿಸಿದ್ದು ಕಲ್ಲನ್ನೋ ಹಣ್ಣನ್ನೋ ತಿಳಿಯದೆ, ಅರ್ಧ ಮುರಿದು ನನ್ನ ಕೈಗಿಟ್ಟ.