ಬಾತಿನ ನೀರು, ಕೋಳಿಯ ರಕ್ತಭೇದಿ

ಮೂಡಿಗೆರೆ ಕಡೆ ಜುಲೈ ಮಳೆ ಹಿಡಿದು ಕೂತಿದ್ದ ಹೊತ್ತು. ಪಕ್ಕದ ತೋಟದ ಮನೆಯ ಗೂಡಿನಲ್ಲಿ ಐದು ವಾರದ 25 ನಾಟಿ ಮರಿ, ಅವುಗಳ ಜೊತೆಗೇ ಆರು ಬಾತು. ಆ ಬೆಳಿಗ್ಗೆ ನಾಲ್ಕು ಮರಿ ರೆಕ್ಕೆ ಇಳಿಬಿಟ್ಟು, ಪುಕ್ಕ ಉಬ್ಬಿಸಿಕೊಂಡು ಮೂಲೆಯಲ್ಲಿ ತೂಕಡಿಸುತ್ತಿದ್ದವು. ಒಂದು ಸತ್ತಿತ್ತು. ಮನೆಯವರಿಗೆ ಕೊಕ್ಕರೆ ರೋಗದ (ರಾಣಿಖೇತ್) ಅನುಮಾನ. ಅದಾದರೆ ಹಸಿರು-ಬಿಳಿ ಭೇದಿ, ಏದುಸಿರು, ಕತ್ತು ತಿರುಚುವುದು ಕಾಣಬೇಕು. ಇಲ್ಲಿ ಗೂಡಿನ ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆ ಬಿದ್ದಿದ್ದು ಹಸಿ ರಕ್ತ.

ಹಿಕ್ಕೆ ಸ್ವಲ್ಪ ಕೆಂಪಾದರೆ ಸಾಕು, ಔಷಧಿ ಅಂಗಡಿಗೆ ಓಡುವವರಿದ್ದಾರೆ. ದಿನಕ್ಕೆ ಒಂದೆರಡು ಸಲ ಅಂಟಂಟಾದ ಕಂದು ಹಿಕ್ಕೆ ಹಾಕುವುದು ಸಹಜ. ಅದು ಕುರುಡು ಕರುಳಿನದು. ಆದರೆ ಸತ್ತ ಮರಿಯನ್ನು ಸೀಳಿದಾಗ ಕರುಳಿನ ಕೊನೆಯ ಆ ಎರಡು ಚೀಲಗಳೂ ಕಪ್ಪುಗೆಂಪಾಗಿ ಊದಿದ್ದವು, ಒಳಗೆ ಹೆಪ್ಪುಗಟ್ಟಿದ ರಕ್ತ. ಕರುಳಿಗೆ ತಗಲುವ ಕಾಕ್ಸಿಡಿಯೋಸಿಸ್ ರೋಗ, ಅದರಲ್ಲೂ ಐಮೀರಿಯಾ ಟೆನೆಲ್ಲಾ ಎಂಬ ರೋಗಾಣುವಿನ ಕೆಲಸ. ಪಶುವೈದ್ಯರೂ ಹಿಕ್ಕೆ ನೋಡಿ ಅದನ್ನೇ ಹೇಳಿದರು.

ಬರೆದುಕೊಟ್ಟಿದ್ದು ಆಂಪ್ರೋಲಿಯಂ 20% ಪುಡಿ: ಲೀಟರಿಗೆ 1.2 ಗ್ರಾಂ, ಐದು ದಿನ. ಆಮೇಲೆ ಒಂದು ವಾರ ಅದರರ್ಧ. ಐದು ಲೀಟರಿಗೆ 6 ಗ್ರಾಂ ಕಲಸಿಟ್ಟರೆ ಅಳತೆ ಸುಲಭ, ಆದರೆ ದಿನಾ ಹೊಸದಾಗಿ ಕಲಸಬೇಕು. ಪೊಟ್ಟಣದ ಮೇಲೆ ಶೇಕಡಾವಾರು ಓದದೆ ಚಮಚದ ಲೆಕ್ಕದಲ್ಲಿ ಹಾಕಬಾರದು. ಔಷಧಿಯನ್ನು ನೀರಿನಲ್ಲೇ ಕೊಡುವುದಕ್ಕೆ ಕಾರಣವಿದೆ: ಕಾಯಿಲೆ ಮರಿ ಕಾಳು ಬಿಟ್ಟರೂ ನೀರು ಕುಡಿಯುತ್ತದೆ. ಅದೂ ಕುಡಿಯದಿದ್ದರೆ ಡ್ರಾಪರ್‌ನಲ್ಲಿ ಕೊಕ್ಕಿನ ಪಕ್ಕದಿಂದ ಹನಿ ಹನಿಯಾಗಿ ಬಿಡಬೇಕು.

ಮಲೆನಾಡಿನ ಮಳೆಗಾಲದಲ್ಲಿ ಈ ಔಷಧಿ ಸೋಲುವುದು ಇಲ್ಲೇ. ಹೊರಗೆ ಬಿಟ್ಟ ಮರಿ ಸೂರಿನ ನೀರು, ಗುಂಡಿಯ ನೀರು ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತದೆ; ಔಷಧಿ ನೀರು ಹಾಗೇ ಉಳಿಯುತ್ತದೆ. ಆದ್ದರಿಂದ ಐದೂ ದಿನ ಒಳಗೇ. ಇನ್ನೊಂದು ತಪ್ಪು ಕನಿಕರದಿಂದ ಆಗುವಂಥದ್ದು: ಮರಿ ಸೊರಗಿದೆ ಎಂದು ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಬೆರೆಸುವುದು. ಆಂಪ್ರೋಲಿಯಂ ಬಿ1 ವಿಟಮಿನ್ನಿನ ವೇಷ ಹಾಕಿ ರೋಗಾಣುವಿನ ಹೊಟ್ಟೆಗೆ ಹೊಡೆಯುವ ಔಷಧಿ. ಅಸಲಿ ಬಿ1 ಸಿಕ್ಕಿದರೆ ರೋಗಾಣು ಬದುಕಿತು. ಟಾನಿಕ್ ಏನಿದ್ದರೂ ಕೋರ್ಸ್ ಮುಗಿದ ಮೇಲೆ.

ಮೊದಲೆರಡು ದಿನದಲ್ಲಿ ಇನ್ನೂ ಎರಡು ಸತ್ತವು. ಕರುಳು ಆಗಲೇ ಹರಿದುಹೋದ ಮರಿಗಳವು. ಅದನ್ನು ನೋಡಿ ಔಷಧಿ ಬದಲಿಸುವುದು ದುಡುಕು. ಮೂರನೇ ದಿನಕ್ಕೆ ಹಿಕ್ಕೆಯಲ್ಲಿ ರಕ್ತ ನಿಂತಿತು.

‘ಬಾತಿಂದ್ಲೇ ಬಂದಿದ್ದು ಮಾರಾಯ್ರೆ, ಇವತ್ತೇ ಮಾರಿಬಿಡ್ತೀನಿ’ ಎಂದು ಮನೆಯವರು ಹಟ ಹಿಡಿದಿದ್ದರು. ಕೋಳಿಯ ಐಮೀರಿಯಾ ಬಾತಿಗೆ ಹತ್ತುವುದಿಲ್ಲ, ಬಾತಿನದು ಕೋಳಿಗೆ ಬರುವುದಿಲ್ಲ. ಆದರೂ ಬಾತು ಪೂರ್ತಿ ನಿರಪರಾಧಿಯಲ್ಲ. ಕೋಳಿ ಹಿಕ್ಕೆಯಲ್ಲಿ ಬೀಳುವ ಮೊಟ್ಟೆಯಂಥ ಕಣ ಬಿದ್ದ ಕೂಡಲೇ ರೋಗ ತರುವುದಿಲ್ಲ. ತೇವ, ಗಾಳಿ, ಹದವಾದ ಬಿಸಿ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ಆ ತೇವವನ್ನು ಒದಗಿಸಿದ್ದು ಬಾತು. ಮೂಗು ತೊಳೆಯಲು ಕೊಕ್ಕು ಮುಳುಗಿಸಿ ಕೊಡವಿದರೆ ಸುತ್ತ ಒಂದು ಮೊಳ ಹೊಟ್ಟು ಮುದ್ದೆ. ಅದನ್ನೇ ಮರಿಗಳು ಕೆದಕಿ ತಿಂದಿದ್ದವು.

ಹಾಗಾಗಿ ಬಾತುಗಳನ್ನು ಬೇರೆ ಮಾಡಿದ್ದಾಯಿತು. ಔಷಧಿ ನೀರು ಅವುಗಳ ಮುಂದಿಟ್ಟಿದ್ದರೆ ಅರ್ಧ ನೆಲದ ಪಾಲಾಗುತ್ತಿತ್ತು. ಹಳೇ ಹೊಟ್ಟನ್ನೆಲ್ಲ ಬಳಿದು, ಮರಿ ಸುಳಿಯದ ಜಾಗದಲ್ಲಿ ಗೊಬ್ಬರಕ್ಕೆ ಹಾಕಿದರು. ಫಿನಾಯಿಲ್‌, ಬ್ಲೀಚಿಂಗ್ ಪುಡಿಗೆಲ್ಲ ಈ ಕಣ ಜಗ್ಗುವುದಿಲ್ಲ. ಬಚ್ಚಲ ಹಂಡೆಯಿಂದ ಕುದಿಯುವ ನೀರು ಸುರಿದು, ನೆಲ ಒಣಗಿಸಿ, ಎರಡು-ಮೂರು ಇಂಚು ಹೊಸ ಭತ್ತದ ಹೊಟ್ಟು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರಬೇಕು. ಉಂಡೆ ನಿಂತರೆ ಆ ಜಾಗದ್ದು ತೆಗೆದು ಬದಲಿಸಬೇಕು.

ಬಾತಿನ ಬೋಗುಣಿ ಈಗ ಗೂಡಿನ ಹೊರಗೆ, ಜಲ್ಲಿ ತುಂಬಿದ ಗುಂಡಿಯ ಮೇಲೆ ಹಾಸಿದ ಕಬ್ಬಿಣದ ಜಾಲರಿ ಮೇಲಿದೆ. ಚೆಲ್ಲಿದ್ದೆಲ್ಲ ಕೆಳಗಿಳಿಯುತ್ತದೆ. ಕೆಸರು ಸಿಗದ ಸಿಟ್ಟಿಗೋ ಏನೋ, ಎರಡು ದಿನ ಆ ಜಾಲರಿಯ ಸುತ್ತಲೇ ಅವುಗಳ ಗಲಾಟೆ.