ಜೂನ್ ತಿಂಗಳ ಹಾಳೆ

8 ಜುಲೈ 2025, ಮಂಗಳವಾರ
ಧಾರವಾಡ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಕಾನೂನು ನೆರವಿನ ಕೋಣೆಗೆ ಬಂದ ಆ ತಾಯಿ ಬಟ್ಟೆ ಅಂಗಡಿಯ ಕೈಚೀಲವನ್ನು ಎದೆಗವಚಿಕೊಂಡೇ ಕೂತರು. ಮಗನಿಗೆ 28. ಜೂನ್ 27ರ ನಸುಕಿನಲ್ಲಿ ಪಕ್ಕದ ಮನೆಯವರ ಕಾರಿನ ಗಾಜು ಒಡೆದಿದ್ದಾನೆ, ಹಿಡಿಯಲು ಬಂದ ಪೇದೆಯನ್ನು ತಳ್ಳಿದ್ದಾನೆ. ಗಾಜಿನದು ಅಷ್ಟು ದೊಡ್ಡ ಕೇಸಲ್ಲ. ಪೇದೆಯನ್ನು ತಳ್ಳಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಬಿದ್ದಿದೆ, ಅದು ಜಾಮೀನುರಹಿತ. ಹನ್ನೊಂದು ದಿನದಿಂದ ಒಳಗಿದ್ದಾನೆ.

"ಆಸ್ಪತ್ರೆ ಕಾಗದ ತಂದೀರೇನ್ರಿ ಅವ್ವಾರ?"

"ತಂದೇನ್ರಿ. ಆದ್ರ ಹೆಸರು ಬ್ಯಾರೆ ಬರಸೇವ್ರಿ ಅಕ್ಕಾರ."

ಮಗನನ್ನು ಮಾನಸಿಕ ಕಾಯಿಲೆಗೆಂದು ಆರು ವರ್ಷ ಬೆಳಗಾವಿಯ ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದಾರೆ, ಬೇರೆ ಹೆಸರಿನಲ್ಲಿ. ಮಗಳ ಲಗ್ನ ಆಗಬೇಕಿತ್ತು. ಊರಿನಲ್ಲಿ ಗೊತ್ತಾಗಬಾರದಿತ್ತು. ಲಗ್ನವೇನೋ ಆಯಿತು. ಈಗ ಆಧಾರ್ ಕಾರ್ಡಿನಲ್ಲಿ ಒಬ್ಬ, ಔಷಧ ಚೀಟಿಯಲ್ಲಿ ಇನ್ನೊಬ್ಬ. ಸರ್ಕಾರಿ ವಕೀಲರು ಈ ಕಾಗದ ಇವನದೇ ಅಲ್ಲ ಅಂದರೆ ಆರು ವರ್ಷದ ಚಿಕಿತ್ಸೆ ಇಲ್ಲದಂತೆಯೇ.

ಸಿಟ್ಟು ಬಂತು. ಅವರ ಮೇಲಲ್ಲ. ಮನೆಯಲ್ಲೊಬ್ಬರಿಗೆ ಸಕ್ಕರೆ ಕಾಯಿಲೆ ಇದ್ದರೆ ಯಾವ ತಾಯಿಯೂ ಹೆಸರು ಬದಲಿಸುವುದಿಲ್ಲ.

ದಾರಿ ಇದೆ, ಮೊದಲು ಅದನ್ನೇ ಹೇಳಿದೆ. ಎರಡೂ ಹೆಸರು ಒಬ್ಬನದೇ ಎಂದು ತಾಯಿ ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕು. ಅದಷ್ಟೇ ಸಾಲದು. ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿ ಬರೆಸಿದ ಫೋನ್ ನಂಬರು ಇವರದೇ ಇರುತ್ತದೆ, ಹಣ ಕಳಿಸಿದ್ದು ಇವರ ಖಾತೆಯಿಂದ. ಇವನನ್ನು ಕಣ್ಣಾರೆ ನೋಡಿದ ಡಾಕ್ಟರು ಫೋಟೋ ಅಂಟಿಸಿ ಅದರ ಮೇಲೆ ಸಹಿ ಹಾಕಿ, ಮೊದಲು ನೋಡಿದ್ದು ಯಾವಾಗ, ಯಾವ ಕಾಯಿಲೆ, ಯಾವ ಔಷಧ, ಕೊನೆಗೆ ಬಂದದ್ದು ಯಾವಾಗ ಎಂದು ಬರೆದುಕೊಡಬೇಕು. 'ಮಾನಸಿಕ ತೊಂದರೆ ಇದೆ' ಎಂಬ ಒಂದು ಸಾಲಿನ ಸರ್ಟಿಫಿಕೇಟು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಯಾಕೆಂದರೆ ಕೋರ್ಟು ಕೇಳುವುದು ಎರಡು ಬೇರೆ ಬೇರೆ ಪ್ರಶ್ನೆ. ಮನೆಯವರು, ಕೆಲವು ಸಲ ವಕೀಲರೂ, ಎರಡನ್ನೂ ಕಲಸಿಬಿಡುತ್ತಾರೆ. ಇವತ್ತು ಅವನಿಗೆ ತನ್ನ ಮೇಲಿನ ಕೇಸು ತಿಳಿಯುತ್ತದೋ, ವಕೀಲರಿಗೆ ಹೇಳಿಕೊಳ್ಳಬಲ್ಲನೋ ಎಂಬುದು ಒಂದು. ತಿಳಿಯದಿದ್ದರೆ, ಕೇಸು ನಡೆಸುವ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 367ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ವೈದ್ಯಕೀಯ ಪರೀಕ್ಷೆ ಮಾಡಿಸುತ್ತಾರೆ. ಆ ದಿನ, ಆ ಗಳಿಗೆಯಲ್ಲಿ, ತಾನು ಮಾಡುತ್ತಿರುವುದೇನು ಎಂಬುದೋ ಅಥವಾ ಅದು ತಪ್ಪು ಎಂಬುದೋ ತಿಳಿಯದ ಸ್ಥಿತಿಯಲ್ಲಿದ್ದನೋ ಎಂಬುದು ಇನ್ನೊಂದು. ಇದು ನ್ಯಾಯ ಸಂಹಿತೆಯ 22ನೇ ಕಲಂ, ಹಳೆಯ ದಂಡ ಸಂಹಿತೆಯ 84. ಕಾಯಿಲೆ ಇದೆ ಎಂದರೆ ಸಾಲದು, ಆ ಗಳಿಗೆಯ ಸ್ಥಿತಿಯನ್ನು ತೋರಿಸಿಕೊಡುವ ಹೊಣೆ ನಮ್ಮದು. ಹಿಂದಿನ, ಆಗಿನ, ಮುಂದಿನ ನಡವಳಿಕೆಯಿಂದ ಅದನ್ನು ತೋರಿಸಬಹುದು ಎಂದು ಸುಪ್ರೀಂ ಕೋರ್ಟು 1964ರಲ್ಲೇ ಹೇಳಿದೆ.

ಚೀಲದಲ್ಲಿ ಈ ಕಾಯಿಲೆಗೆ ಕೊಡುವ ಓಲಾಂಜಪೀನ್ 10 ಮಿಲಿಗ್ರಾಂ ಮಾತ್ರೆಯ ಪಟ್ಟಿ ಇತ್ತು. ಹಾಸಿಗೆ ಅಡಿ ಸಿಕ್ಕಿದ್ದಂತೆ. ಅಂಗಡಿ ಬಿಲ್ಲು ಏಪ್ರಿಲ್ 12ರದು, ಮೂವತ್ತು ಮಾತ್ರೆ. ಉಳಿದದ್ದು ಒಂಬತ್ತು. ದಿನಕ್ಕೊಂದರಂತೆ ತೆಗೆದುಕೊಂಡಿದ್ದರೆ ಮೇ 2ಕ್ಕೆ ನಿಂತಿದೆ. ಘಟನೆ ಆದದ್ದು ಎಂಟು ವಾರದ ನಂತರ. ಮಾತ್ರೆ ಬಿಟ್ಟ ಮರುದಿನವೇ ಸಾಮಾನ್ಯವಾಗಿ ಕಾಯಿಲೆ ಮರುಕಳಿಸುವುದಿಲ್ಲ. ಎಷ್ಟೋ ಸಲ ಮೊದಲು ನಿದ್ದೆ ಹೋಗುತ್ತದೆ, ಆಮೇಲೆ ಸಂಶಯ, ಆಮೇಲೆ ಬೇರೆಯವರಿಗೆ ಕೇಳದ ದನಿಗಳು. ಮನೆಯವರು 'ಈಗ ಚಲೋ ಅದಾನ' ಅಂದುಕೊಂಡಿರುವುದು ಈ ನಡುವಿನ ವಾರಗಳಲ್ಲೇ. ಆ ಪಟ್ಟಿ, ಆ ಬಿಲ್ಲು ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿಸಿದೆ.

ಠಾಣೆಯಲ್ಲಿ ಏನು ಹೇಳಿದಿರಿ ಅಂದೆ. "ಹಟಮಾರಿ ಅದಾನ, ಕುಡದಿರಬೇಕು ಅಂದೇನ್ರಿ." ಅವನು ಹನಿ ಮುಟ್ಟಿದವನಲ್ಲ. ಕುಡುಕ ಅನ್ನಿಸಿಕೊಳ್ಳುವುದು ಹುಚ್ಚ ಅನ್ನಿಸಿಕೊಳ್ಳುವುದಕ್ಕಿಂತ ಹಗುರ ಅನ್ನಿಸಿದೆ ಆ ತಾಯಿಗೆ. ಅದನ್ನು ವಕೀಲರಿಗೆ ಇವತ್ತೇ ತಿಳಿಸಬೇಕು, ಮುಚ್ಚಿಟ್ಟರೆ ಪಾಟೀಸವಾಲಿನಲ್ಲಿ ಹೊರಬೀಳುತ್ತದೆ. ಕಾರಿನ ದೀಪದೊಳಗೆ ಕ್ಯಾಮೆರಾ ಇಟ್ಟು ತನ್ನನ್ನು ನೋಡುತ್ತಿದ್ದಾರೆ ಎಂದು ಒಂದು ವಾರದಿಂದ ಹೇಳುತ್ತಿದ್ದನಂತೆ. ಗಾಜು ಒಡೆದ ಮೇಲೆ ಓಡಲಿಲ್ಲ, ಅಲ್ಲೇ ಕಾರಿನ ಪಕ್ಕ ಕೂತಿದ್ದ. ಇದನ್ನು ಅವನದೇ ಮಾತಿನಲ್ಲಿ ಬರೆದಿಡಿ ಅಂದೆ. 'ಹುಚ್ಚು ಹಿಡಿದಿತ್ತು' ಅಂತ ಬರೆದರೆ ಏನೂ ಉಪಯೋಗವಿಲ್ಲ.

ಒಳಗಿನ ಮಾತ್ರೆಯ ಚಿಂತೆ. ಗೇಟಿನಲ್ಲಿ ಬಿಡಿ ಮಾತ್ರೆ ಕೊಟ್ಟರೆ ಮಗನ ಕೈಗೆ ಸೇರುತ್ತದೆ ಎಂದು ನಂಬಿ ಕೂರಬಾರದು. ಜೈಲಿನ ವೈದ್ಯಾಧಿಕಾರಿಗೆ ಒಂದು ಪುಟದ ಅರ್ಜಿ ಕೊಡಬೇಕು. ಔಷಧದ ಹೆಸರು, ಪ್ರಮಾಣ, ಹೊತ್ತು, ನಿಂತ ದಿನ. ಹಿಂದೊಮ್ಮೆ ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಆದ ಮೇಲೆ ಕುತ್ತಿಗೆ ಸೆಟೆದು ಕಣ್ಣಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತ್ತಂತೆ, ಅದು ಮೊದಲ ಸಾಲಿನಲ್ಲೇ ಇರಬೇಕು. ಜೊತೆಗೆ ಚೀಟಿಯ ಜೆರಾಕ್ಸು. ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು. ಮೂಲ ಕಾಗದ ಯಾರು ಕೇಳಿದರೂ ಮನೆಯಲ್ಲೇ, ಕೋರ್ಟು ಕೇಳಿದರೆ ಮಾತ್ರ ವಕೀಲರ ಕೈಯಿಂದ.

ಇಷ್ಟು ಹೊತ್ತು ಬಾಗಿಲ ಹೊರಗೆ ನಿಂತಿದ್ದ ಗಂಡ ಒಳಗೆ ಬಂದು ಒಂದೇ ಮಾತು ಹೇಳಿದರು. "ಒಳಗs ಇರ್ಲಿ ಬಿಡ್ರಿ. ಅಲ್ಲರೆ ಗುಳಿಗಿ ನುಂಗ್ತಾನ."

ತಾಯಿ ನೆಲ ನೋಡುತ್ತಿದ್ದರು. ಈ ಮಾತು ಎಷ್ಟೋ ತಂದೆಯರ ಬಾಯಲ್ಲಿ ಕೇಳಿದ್ದೇನೆ. ಇದನ್ನು ಕಲ್ಲೆದೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಎಷ್ಟು ರಾತ್ರಿ ಬಾಗಿಲಿಗೆ ಅಡ್ಡ ಮಲಗಿದ್ದಾರೋ. ಆದರೆ ಜೈಲು ವಾರ್ಡಲ್ಲ. ಅವನಿಗೆ ಕೇಸು ನಡೆಸುವ ಸ್ಥಿತಿ ಇಲ್ಲ ಎಂದು ಕೋರ್ಟಿಗೆ ಕಂಡರೆ ಅದೇ ಸುರಕ್ಷಾ ಸಂಹಿತೆಯ 369ನೇ ಕಲಂ ಇದೆ. ದಾಖಲಿಸಿಕೊಂಡೇ ಚಿಕಿತ್ಸೆ ಕೊಡಬೇಕಿಲ್ಲವಾದರೆ, ಜಾಮೀನುರಹಿತ ಕೇಸಾದರೂ, ಹೊರರೋಗಿಯಾಗಿ ಚಿಕಿತ್ಸೆ ಕೊಡಿಸುತ್ತೇವೆ, ಅವನಿಗಾಗಲಿ ಬೇರೆಯವರಿಗಾಗಲಿ ಅಪಾಯ ಆಗದಂತೆ ನೋಡಿಕೊಳ್ಳುತ್ತೇವೆ ಎಂದು ಬಂಧುಗಳು ಮುಚ್ಚಳಿಕೆ ಬರೆದುಕೊಟ್ಟರೆ ಬಿಡಬಹುದು. ಅದಾಗದಿದ್ದರೆ ನಿಯಮಿತ ಚಿಕಿತ್ಸೆ ಸಿಗುವ ಜಾಗದಲ್ಲಿ ಇರಿಸಬೇಕು. ಮನೆಗೆ ತರಲು ಧೈರ್ಯ ಇಲ್ಲದಿದ್ದರೆ ಅದನ್ನೇ ಕೋರ್ಟಿಗೆ ಹೇಳಿ, ಇಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸಿನಲ್ಲಿ ಇಟ್ಟು ಚಿಕಿತ್ಸೆ ಕೊಡಿಸಿ ಎಂದು ಕೇಳಿ. ನಿಮ್ಮಿಂದಾಗದ ಮುಚ್ಚಳಿಕೆಗೆ ಸಹಿ ಹಾಕಬೇಡಿ ಅಂದೆ. ಅವರು ಮಾತಾಡಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಮಳೆಯಲ್ಲಿ ನೆನೆದವರಂತೆ.

ಚೀಲ ಖಾಲಿ ಮಾಡುವಾಗ ತಳದಲ್ಲಿ ಮಡಚಿದ ಕ್ಯಾಲೆಂಡರ್ ಹಾಳೆ. ಜೂನ್ ತಿಂಗಳದ್ದು. ಕಾಗದ ಕಟ್ಟಲು ತಂದ ರದ್ದಿ ಅಂದರು. ತಾರೀಖಿನ ಮನೆಗಳಲ್ಲಿ ಪೆನ್ಸಿಲಿನ ಗೀಟು, ಹಾಲಿನ ಲೆಕ್ಕ. ಕೆಲವು ಮನೆಗಳ ಮೂಲೆಯಲ್ಲಿ ಸಣ್ಣ ಸೊನ್ನೆ.

"ಇದೇನ್ರಿ?"

"ಅಂವ ಮಲಗಲಾರದ ರಾತ್ರಿ ರೀ."

ತಿಂಗಳ ಮೊದಲ ಎರಡು ವಾರದಲ್ಲಿ ನಾಲ್ಕು ಸೊನ್ನೆ. 15ರಿಂದ 26ರವರೆಗೆ ಬಿಡದೆ ಹನ್ನೆರಡು. 27ರ ಮನೆಯಲ್ಲಿ ಹಾಲಿನ ಗೀಟೂ ಇಲ್ಲ.

ಯಾವ ಸರ್ಟಿಫಿಕೇಟಿಗಿಂತ ಆ ಗಳಿಗೆಗೆ ಹತ್ತಿರದ ಸಾಕ್ಷಿ ಇದು. ಯಾರಿಗಾಗಿಯೂ ಬರೆದದ್ದಲ್ಲ, ಕೇಸಿಗಿಂತ ಮೊದಲೇ ಬರೆದದ್ದು. ಇನ್ನು ಒಂದು ಚುಕ್ಕೆಯನ್ನೂ ಸೇರಿಸಬೇಡಿ, ಅಳಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಮೇ ಹಾಳೆ ಗೋಡೆಯಲ್ಲಿದ್ದರೆ ಹಾಗೇ ತನ್ನಿ ಎಂದು ಹೇಳಿ ಫೋಟೋ ತೆಗೆದುಕೊಂಡೆ. ಬರೆದವರೇ ಕಟಕಟೆಗೆ ಬಂದು ಇದು ನನ್ನ ಕೈಬರಹ ಅನ್ನಬೇಕಾಗುತ್ತದೆ, ಅದಕ್ಕೆ ತಯಾರಿರಿ ಎಂದೂ ಹೇಳಿದೆ. ಬಸ್ಸಿನ ಹೊತ್ತಾಯಿತೆಂದು ಇಬ್ಬರೂ ಎದ್ದರು.

ಈಗ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದೇನೆ. 19, 22, 25ರ ಸೊನ್ನೆಗಳು ಪೆನ್ಸಿಲಿನವಲ್ಲ. ನೀಲಿ ಬಾಲ್‌ಪೆನ್ನು, ಒತ್ತಿ ಬರೆದದ್ದು, ಹಾಳೆ ಹರಿಯುವಷ್ಟು. ಅವ್ವಾರ ಕೈ ಅಲ್ಲ ಅನ್ನಿಸುತ್ತದೆ. ಆ ಮನೆಯಲ್ಲಿ ಇರುವವರು ಮೂವರೇ. ನಾಳೆ ಬೆಳಿಗ್ಗೆ ಮೊದಲು ಅವರ ಯಜಮಾನರಿಗೆ ಫೋನು ಮಾಡಿ ಕೇಳಬೇಕು.